ತೂಕ ಇಳಿಸಲು ಹೊಟ್ಟೆಯ ಸ್ಲೀವ್ ಆಪರೇಷನ್ ಮಾಡಿಸಿಕೊಂಡವರು ಇದ್ದೀರಾ? ಆಮೇಲೆ ಮುದ್ದೆ ಇಳಿಯುತ್ತಾ?

ಹೇಮಾವತಿ_ದಂಡೆ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಬರೆಯುತ್ತಿರುವುದು ಇವತ್ತೇ ಮೊದಲು.

ವಯಸ್ಸು 34. ಎತ್ತರ 158 ಸೆಂ.ಮೀ., ತೂಕ 112 ಕೆ.ಜಿ. ಊರು ಹಾಸನದ ಕಡೆ, ಕೆಲಸ ಬೆಂಗಳೂರಲ್ಲಿ. ಶುಗರ್ ಬಂದು ನಾಲ್ಕು ವರ್ಷ ಆಯಿತು. ನನ್ನ ಗೊರಕೆಗೆ ಪಕ್ಕದ ರೂಮಿನಲ್ಲಿ ಮಲಗಿದ ಮಗಳು ಎದ್ದು ಕೂರುತ್ತಾಳೆ. ಜಿಮ್ಮು, ಕೀಟೋ, ಬೆಳಗ್ಗೆ ಬಿಸಿನೀರಿಗೆ ಜೇನು ನಿಂಬೆಹಣ್ಣು, ಎಲ್ಲಾ ಆಯಿತು. ಒಂದು ಸಲ ಕಷ್ಟಪಟ್ಟು 14 ಕೆ.ಜಿ. ಇಳಿಸಿದೆ. ಮುಂದಿನ ಗೌರಿ ಹಬ್ಬದ ಹೊತ್ತಿಗೆ 17 ಏರಿತ್ತು.

ಹೋದ ವಾರ ಡಾಕ್ಟರು ಸ್ಲೀವ್ ಬಗ್ಗೆ ಯೋಚನೆ ಮಾಡಿ ಅಂದರು. ಮನೆಯಲ್ಲಿ ಬಾಯಿ ಬಿಟ್ಟಿದ್ದೇ ತಪ್ಪಾಯಿತು. ಅಮ್ಮ "ಚೆನ್ನಾಗಿರೋ ಹೊಟ್ಟೇನ ಕೊಯ್ಸ್ಕೊಳ್ತೀಯಾ?" ಅಂತ ಎರಡು ದಿನ ಮಾತು ಬಿಟ್ಟರು. ಅತ್ತೆಯವರು, 2022ರಲ್ಲಿ ಬೆಂಗಳೂರಲ್ಲಿ ಕೊಬ್ಬು ತೆಗೆಸಲು ಹೋಗಿ ತೀರಿಕೊಂಡ ಕಿರುತೆರೆ ನಟಿಯ ಸುದ್ದಿ ತೆಗೆದರು. ಅಲ್ಲಿಗೆ ನನಗೂ ಭಯ ಹತ್ತಿತು.

ಒಳಗೆ ನಿಜವಾಗಿ ಏನು ಮಾಡುತ್ತಾರೆ? ಮಾಡಿಸಿಕೊಂಡವರು ಈಗ ಹೇಗಿದ್ದೀರಿ? ಇನ್ನೊಂದು, ನಗಬೇಡಿ: ಆಮೇಲೆ ಮುದ್ದೆ ತಿನ್ನಬಹುದಾ? ನಮ್ಮ ಮನೆಯಲ್ಲಿ ಮುದ್ದೆ ಇಲ್ಲದಿದ್ದರೆ ಊಟ ಆಯಿತು ಅಂತ ಯಾರೂ ಒಪ್ಪುವುದಿಲ್ಲ.

ಮುದ್ದೆಪ್ರಿಯ · ಭಾನುವಾರ ರಾತ್ರಿ

ಹೆಸರು ನೋಡಿದರೆ ಗೊತ್ತಾಗುತ್ತಲ್ಲ ತಂಗಿ, ಉತ್ತರ ನಾನೇ ಕೊಡಬೇಕು. ಮಂಡ್ಯದವನು, 2019ರಲ್ಲಿ ಸ್ಲೀವ್ ಆಯಿತು. ಆಗ 138 ಕೆ.ಜಿ. ಹದಿನಾಲ್ಕು ತಿಂಗಳಲ್ಲಿ 88ಕ್ಕೆ ಇಳಿದೆ. ಈಗ 99. ಈ ಕೊನೆಯ ನಂಬರ್ ಯಾರೂ ಫೋಟೊ ಹಾಕಿ ಹೇಳುವುದಿಲ್ಲ, ಅದಕ್ಕೇ ಮೊದಲು ಹೇಳಿದೆ.

ಆಪರೇಷನ್ ಅಂದರೆ ಹೊಟ್ಟೆಯ ಮೇಲೆ ಐದು ಸಣ್ಣ ತೂತು. ಒಂದೂವರೆ ಗಂಟೆಯೊಳಗೆ ಮುಗಿಯಿತಂತೆ. ಸಂಜೆ ಎಬ್ಬಿಸಿ ವಾರ್ಡಿನಲ್ಲಿ ನಡೆಸಿದರು, ಕಾಲಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ. ಗಾಯಕ್ಕಿಂತ ನೋವು ಕೊಟ್ಟಿದ್ದು ಗ್ಯಾಸು. ಹೊಟ್ಟೆ ಉಬ್ಬಿಸಲು ತುಂಬಿದ ಗಾಳಿ ಭುಜದಲ್ಲಿ ಬಂದು ಕೂತ ಹಾಗೆ ಇತ್ತು. ಮೂರನೇ ದಿನ ಮನೆಗೆ ಬಂದೆ.

ಮುದ್ದೆ ವಿಷಯ. ಮುದ್ದೆಯನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು ಅಂತ ಕಲಿತವರು ನಾವು. ಸ್ಲೀವ್ ಆದವರಿಗೆ ಹೇಳುವುದು ನೇರ ಉಲ್ಟಾ: ಪ್ರತಿ ತುತ್ತೂ ನೀರಾಗುವಷ್ಟು ಅಗಿಯಿರಿ. ನನಗೆ ನಾಲ್ಕನೇ ತಿಂಗಳಲ್ಲಿ ತಡೆಯಲಿಲ್ಲ. ಊರಿಗೆ ಹೋಗಿದ್ದೆ, ಅವರೆಕಾಳು ಸಾರು, ಎಲ್ಲರೂ ನುಂಗುತ್ತಿದ್ದರು, ನಾನೂ ಒಂದು ತುತ್ತು ನುಂಗಿದೆ. ಎದೆಯ ನಡುವೆ ಕಲ್ಲು ಇಟ್ಟಂತೆ ನಿಂತಿತು. ಬಾಯಿ ತುಂಬ ನೊರೆ ನೊರೆ ಜೊಲ್ಲು. ಹಿತ್ತಲಿನಲ್ಲಿ ಅರ್ಧ ಗಂಟೆ ಬಗ್ಗಿ ನಿಂತಿದ್ದೆ. ಕೊನೆಗೆ ಬಂದಿದ್ದು ಅದೇ ತುತ್ತು, ನುಂಗಿದ ಆಕಾರದಲ್ಲೇ.

ಈಗ ತಿನ್ನುತ್ತೇನೆ. ನಿಂಬೆಹಣ್ಣು ಗಾತ್ರ, ಸ್ವಲ್ಪ ಸಡಿಲವಾಗಿ ಕಟ್ಟಿದ್ದು, ಅಗಿದು. ಹಲ್ಲಿಗೆ ಅಂಟುತ್ತದೆ, ನಮ್ಮಪ್ಪ ಮುಖ ತಿರುಗಿಸುತ್ತಾರೆ. ಏನು ಮಾಡುವುದು.

ಹುಬ್ಬಳ್ಳಿ_ಬಿಳಿಕೋಟು · ಸೋಮವಾರ ಬೆಳಗ್ಗೆ

ನಾನು ಸರ್ಜನ್ ರೀ, ಆದರೆ ತೂಕದ ಆಪರೇಷನ್ ಮಾಡುವವನಲ್ಲ. ಹಾಗಾಗಿ ಗಿರಾಕಿ ಹಿಡಿಯುತ್ತಿದ್ದಾನೆ ಅಂದುಕೊಳ್ಳಬೇಡಿ.

ಮೊದಲು ನಿಮ್ಮ ಅತ್ತೆಯವರ ಭಯ. ಆ ಸುದ್ದಿಯಲ್ಲಿದ್ದದ್ದು ಚರ್ಮದ ಕೆಳಗಿನ ಕೊಬ್ಬು ತೆಗೆಯುವ ಚಿಕಿತ್ಸೆ. ಅದು ಆಕಾರ ತಿದ್ದಲು ಮಾಡುವುದು. ಸ್ಲೀವ್‌ನಲ್ಲಿ ಕೊಬ್ಬು ಮುಟ್ಟುವುದೇ ಇಲ್ಲ, ಜಠರವನ್ನು ಕತ್ತರಿಸುತ್ತಾರೆ. ಎರಡರ ದಾರಿಯೂ ಬೇರೆ, ಅಪಾಯಗಳೂ ಬೇರೆ. ಎಂಡೋಸ್ಕೋಪಿಯಲ್ಲಿ ಬಾಯಿಯ ಮೂಲಕ ಹೋಗಿ ಜಠರವನ್ನು ಒಳಗಿಂದ ಹೊಲಿಯುವ ಒಂದು ವಿಧಾನವೂ ಇದೆ. ಅದಕ್ಕೂ ಜಾಹೀರಾತಿನಲ್ಲಿ ಸ್ಲೀವ್ ಅಂತಲೇ ಹಾಕುತ್ತಾರೆ. ಅದರಲ್ಲಿ ಏನನ್ನೂ ಕತ್ತರಿಸಿ ತೆಗೆಯುವುದಿಲ್ಲ, ಇಳಿಯುವ ತೂಕವೂ ಕಡಿಮೆ. ನಿಮಗೆ ಯಾವುದನ್ನು ಹೇಳಿದ್ದಾರೆ ಅಂತ ಕೇಳಿಕೊಳ್ಳಿ.

ಜಠರ ಒಂದು ಚೀಲ. ಅದರ ಹೊರಬಾಗಿನ ಕಡೆಯ ಸುಮಾರು ಮುಕ್ಕಾಲು ಭಾಗವನ್ನು ಸ್ಟೇಪ್ಲರ್ ಹಾಕಿ ಕತ್ತರಿಸಿ ತೆಗೆದುಬಿಡುತ್ತಾರೆ. ಉಳಿಯುವುದು ಬಾಳೆಹಣ್ಣಿನಂಥ ಒಂದು ಕೊಳವೆ, 100ರಿಂದ 150 ಮಿ.ಲೀ. ಹಿಡಿಯುವಂಥದ್ದು. ಕೊಳವೆ ಒಂದೇ ಅಳತೆಗೆ ಬರಲಿ ಅಂತ ಬಾಯಿಂದ ಒಂದು ದಪ್ಪ ಟ್ಯೂಬ್ ಇಳಿಸಿ, ಅದರ ಪಕ್ಕಕ್ಕೇ ಸ್ಟೇಪ್ಲರ್ ನಡೆಸುತ್ತಾರೆ. ಕತ್ತರಿಸಿದ ಭಾಗ ಹೊರಗೆ ಬಂತು ಅಂದರೆ ಬಂತು. ಬೇಡ ಅನಿಸಿದರೆ ಮತ್ತೆ ಜೋಡಿಸುವ ಮಾತೇ ಇಲ್ಲ.

ಚೀಲ ಸಣ್ಣದಾಯಿತು ಅನ್ನುವುದು ಅರ್ಧ ಕಥೆ ಮಾತ್ರ. ತೆಗೆಯುವ ಭಾಗದ ಮೇಲ್ತುದಿಯಲ್ಲಿ ಗ್ರೆಲಿನ್ ಅನ್ನುವ ಹಾರ್ಮೋನು ಹೆಚ್ಚಾಗಿ ತಯಾರಾಗುತ್ತದೆ. ಹಸಿವಾಗಿದೆ ಅಂತ ಮೆದುಳಿಗೆ ಹೇಳುವುದು ಅದು. ಅದು ಇಳಿಯುತ್ತದೆ. ಜೊತೆಗೆ ಆಹಾರ ಬೇಗ ಕರುಳಿಗೆ ಇಳಿದು, ಹೊಟ್ಟೆ ತುಂಬಿತು ಅನ್ನುವ ಹಾರ್ಮೋನುಗಳು ಏರುತ್ತವೆ. ಶುಗರ್ ಎಷ್ಟೋ ಜನರಿಗೆ ಮೊದಲ ವಾರದಲ್ಲೇ, ತೂಕ ಇಳಿಯುವ ಮುಂಚೆಯೇ ಕೆಳಗೆ ಬರುತ್ತದೆ. ಅದಕ್ಕೇ ಇನ್ಸುಲಿನ್, ಶುಗರ್ ಮಾತ್ರೆಗಳ ಪ್ರಮಾಣವನ್ನು ಡಾಕ್ಟರು ಆ ದಿನಗಳಲ್ಲೇ ಬದಲಿಸಬೇಕು. ಹಳೇ ಚೀಟಿ ನೋಡಿ ನುಂಗುತ್ತಾ ಹೋಗಬಾರದು.

ಒಂದು ಸ್ವಾರಸ್ಯ. ಇದು ಮೊದಲು ಸ್ವತಂತ್ರ ಆಪರೇಷನ್ ಆಗಿರಲೇ ಇಲ್ಲ. 2000ದ ಆಸುಪಾಸಿನಲ್ಲಿ ನ್ಯೂಯಾರ್ಕಿನಲ್ಲಿ ಮಿಷೆಲ್ ಗ್ಯಾನ್ಯೆ ತಂಡದವರು ತೀರಾ ಭಾರದ ರೋಗಿಗಳಿಗೆ ಡುವೊಡಿನಲ್ ಸ್ವಿಚ್ ಅನ್ನುವ ದೊಡ್ಡ ಆಪರೇಷನ್ನನ್ನು ಎರಡು ಕಂತಿನಲ್ಲಿ ಮಾಡತೊಡಗಿದರು. ಮೊದಲ ಕಂತು ಈ ಕೊಳವೆ. ಎರಡನೇ ಕಂತಿಗೆ ಮುಂಚೆಯೇ ಜನ ಸಾಕಷ್ಟು ಇಳಿದುಬಿಟ್ಟಿದ್ದರು. ಹಾಗೆ ಮೊದಲ ಕಂತೇ ಪೂರಾ ಆಪರೇಷನ್ ಆಯಿತು.

ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, ಸುಮಾರು 45. 2022ರಲ್ಲಿ ಅಂತರರಾಷ್ಟ್ರೀಯ ತಜ್ಞರ ಎರಡು ಸಂಘಗಳು ಸೇರಿ ಹೊರಡಿಸಿದ ಸೂಚನೆಯಲ್ಲಿ, 35 ದಾಟಿದರೆ ಬೇರೆ ಕಾಯಿಲೆ ಇಲ್ಲದಿದ್ದರೂ ಸಲಹೆ ಕೊಡಬಹುದು ಅಂತ ಇದೆ. ನಮ್ಮಂಥ ಏಷ್ಯಾದವರಿಗೆ ಆ ಗೆರೆ ಇನ್ನೂ ಕೆಳಗೆ, 27.5. ನಮಗೆ ಸೊಂಟದ ಸುತ್ತ ಕೊಬ್ಬು ಸೇರುವುದು ಜಾಸ್ತಿ, ಕಡಿಮೆ ತೂಕಕ್ಕೇ ಶುಗರ್ ಬರುತ್ತದೆ. ನೀವು ಗೆರೆಯ ಹತ್ತಿರ ಇಲ್ಲ, ಅದನ್ನು ದಾಟಿ ಬಹಳ ದೂರ ಬಂದಿದ್ದೀರಿ. ಒರಟಾಗಿ ಹೇಳಿದ್ದಕ್ಕೆ ಕ್ಷಮೆ ಇರಲಿ.

ಸಾತ್ವಿಕ_ಜೀವನ · ಸೋಮವಾರ ಮಧ್ಯಾಹ್ನ

ಇದೆಲ್ಲ ಯಾಕೆ ಬೇಕು? ಬಾಯಿ ಕಟ್ಟಿದರೆ ತೂಕ ತಾನಾಗಿ ಇಳಿಯುತ್ತದೆ. ನಮ್ಮ ತಾತ ದಿನಕ್ಕೆ ಮೂರು ಮುದ್ದೆ ತಿಂದು ಕೊನೆವರೆಗೂ ಕಡ್ಡಿಯ ಹಾಗೆ ಇದ್ದರು.

ಮುದ್ದೆಪ್ರಿಯ · ಸೋಮವಾರ ಮಧ್ಯಾಹ್ನ

ನಿಮ್ಮ ತಾತ ಬೆಳಗ್ಗೆ ಐದಕ್ಕೆ ಹೊಲಕ್ಕೆ ಹೋಗುತ್ತಿದ್ದರು ಸ್ವಾಮಿ. ನಾನು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕೂತಿರುತ್ತೇನೆ.

ಹೇಮಾವತಿ_ದಂಡೆ · ಸೋಮವಾರ ಸಂಜೆ

ಸರ್, ನಾನು ಬಾಯಿ ಕಟ್ಟಿದ್ದೇನೆ. ಆರು ತಿಂಗಳು ರಾತ್ರಿ ಊಟವನ್ನೇ ಬಿಟ್ಟಿದ್ದೆ. ತೂಕ ಇಳಿದಷ್ಟೂ ಹಸಿವು ಏರಿತು. ಕೊನೆಕೊನೆಗೆ ಮಗಳ ಟಿಫಿನ್ ಡಬ್ಬಿಯಲ್ಲಿ ಉಳಿದ ಚಿತ್ರಾನ್ನವನ್ನು ಅಡುಗೆಮನೆಯಲ್ಲಿ ನಿಂತುಕೊಂಡು ತಿನ್ನುತ್ತಿದ್ದೆ. ಇದನ್ನು ಮನೆಯವರಿಗೂ ಹೇಳಿಲ್ಲ.

ಹುಬ್ಬಳ್ಳಿ_ಬಿಳಿಕೋಟು · ಸೋಮವಾರ ಸಂಜೆ

ಅದು ನಿಮ್ಮ ತಪ್ಪಲ್ಲ ಮೇಡಂ. ತೂಕ ಇಳಿದಾಗ ದೇಹ ಬರಗಾಲ ಬಂತು ಅಂದುಕೊಳ್ಳುತ್ತದೆ. ಗ್ರೆಲಿನ್ ಏರಿಸುತ್ತದೆ, ಖರ್ಚು ಮಾಡುವ ಶಕ್ತಿಯನ್ನು ಕಡಿಮೆ ಮಾಡುತ್ತದೆ. ಆಪರೇಷನ್ ಕೈ ಹಾಕುವುದು ಅಲ್ಲಿಗೇ.

ಕಡಲಬದಿ_ಅಕ್ಕ · ಸೋಮವಾರ ರಾತ್ರಿ

ಎಲ್ಲರೂ ಹಸಿವಿನ ಬಗ್ಗೆ ಬರೆದಿದ್ದೀರಿ. ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಹೇಮಾವತಿಯವರೇ, ನಿಮಗೆ ಎದೆಯುರಿ ಉಂಟಾ? ರಾತ್ರಿ ಮಲಗಿದಾಗ ಹುಳಿ ತೇಗು?

ಕೇಳುವ ಕಾರಣ ಹೇಳುತ್ತೇನೆ. ನಾನು ಉಡುಪಿ ಕಡೆಯವಳು, 2017ರಲ್ಲಿ ಸ್ಲೀವ್ ಮಾಡಿಸಿಕೊಂಡೆ. ಆಸ್ಪತ್ರೆಯ ಹೆಸರು ಬೇಡ. ನನಗೆ ಮೊದಲೇ ಎದೆಯುರಿ ಇತ್ತು. ಅವರು ಎಂಡೋಸ್ಕೋಪಿ ಮಾಡಿಸಲಿಲ್ಲ, ನಾನೂ ಕೇಳಲಿಲ್ಲ. ತೂಕ ಚೆನ್ನಾಗಿ ಇಳಿಯಿತು, 31 ಕೆ.ಜಿ. ಆದರೆ ಎರಡನೇ ವರ್ಷದಿಂದ ಮಲಗುವುದೇ ಕಷ್ಟ. ಮೂರು ದಿಂಬು ಇಟ್ಟು ಕೂತ ಹಾಗೆ ಮಲಗುವುದು. ನಡುರಾತ್ರಿ ಮೂಗಿನಲ್ಲಿ ಆಸಿಡ್ ಬಂದು ಕೆಮ್ಮಿ ಏಳುವುದು. ಮಾತ್ರೆ ದಿನಕ್ಕೆ ಎರಡಾಯಿತು. 2022ರಲ್ಲಿ ಅದನ್ನೇ ಬೈಪಾಸ್‌ಗೆ, ಅಂದರೆ ಊಟ ಜಠರದ ಹೆಚ್ಚಿನ ಭಾಗ ಬಿಟ್ಟು ನೇರ ಕರುಳಿಗೆ ಹೋಗುವ ಇನ್ನೊಂದು ಬಗೆಯ ಆಪರೇಷನ್‌ಗೆ, ಬದಲಿಸಿದರು. ಎರಡು ಆಪರೇಷನ್, ಎರಡು ಖರ್ಚು.

ಚೀಲ ಕೊಳವೆಯಾದಾಗ ಒಳಗಿನ ಒತ್ತಡ ಏರುತ್ತದೆ, ಆಸಿಡ್ ಮೇಲಕ್ಕೆ ನುಗ್ಗುತ್ತದೆ ಅಂತ ಆಮೇಲೆ ತಿಳಿಯಿತು. ಫಿನ್‌ಲ್ಯಾಂಡಿನಲ್ಲಿ 240 ಜನರನ್ನು ಸ್ಲೀವ್ ಮತ್ತು ಬೈಪಾಸ್ ಅಂತ ಚೀಟಿ ಎತ್ತಿದ ಹಾಗೆ ಹಂಚಿ ಹತ್ತು ವರ್ಷ ನೋಡಿದ್ದಾರೆ. ಸ್ಲೀವ್‌ಪಾಸ್ ಅಂತ ಅಧ್ಯಯನದ ಹೆಸರು, ಹತ್ತು ವರ್ಷದ ಫಲಿತಾಂಶ ಬಂದದ್ದು 2022ರಲ್ಲಿ. ಎಂಡೋಸ್ಕೋಪಿ ಹಾಕಿ ನೋಡಿದಾಗ ಸ್ಲೀವ್ ಆದವರಲ್ಲಿ 31% ಜನರಿಗೆ ಅನ್ನನಾಳದಲ್ಲಿ ಆಸಿಡ್‌ನ ಹುಣ್ಣು, ಬೈಪಾಸ್ ಆದವರಲ್ಲಿ 7%. ನನಗೆ ಈ ಲೆಕ್ಕ ಐದು ವರ್ಷ ಮೊದಲು ಸಿಗಬೇಕಿತ್ತು.

ಸ್ಲೀವ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ನನ್ನ ತಂಗಿಗೂ ಅದೇ ಆಗಿದೆ, ಅವಳು ಹಾಯಾಗಿದ್ದಾಳೆ. ಅವಳಿಗೆ ಎದೆಯುರಿ ಇರಲಿಲ್ಲ, ಅಷ್ಟೇ.

ಹೇಮಾವತಿ_ದಂಡೆ · ಸೋಮವಾರ ರಾತ್ರಿ

ಅಕ್ಕ, ನಾನು ಹತ್ತು ವರ್ಷದಿಂದ ದಿಂಬಿನ ಕೆಳಗೆ ಜೆಲುಸಿಲ್ ಇಟ್ಟುಕೊಂಡು ಮಲಗುವವಳು. ಅದನ್ನು ಡಾಕ್ಟರಿಗೆ ಹೇಳಬೇಕು ಅಂತಲೇ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರಿಗೂ ಉರಿ ಇದೆ, ಅದನ್ನು ಕಾಯಿಲೆ ಅಂತ ಯಾರೂ ಲೆಕ್ಕಕ್ಕೆ ಇಡುವುದಿಲ್ಲ.

ಕಡಲಬದಿ_ಅಕ್ಕ · ಸೋಮವಾರ ರಾತ್ರಿ

ನಾಳೆಯೇ ಫೋನ್ ಮಾಡಿ ಹೇಳಿ. ಎಂಡೋಸ್ಕೋಪಿ ಮಾಡಿಸದೆ ಡೇಟ್ ತಗೋಬೇಡಿ ಮಾರಾಯ್ರೆ.

ಪಥ್ಯಪಾತ್ರೆ · ಮಂಗಳವಾರ ಬೆಳಗ್ಗೆ

ಮೈಸೂರಿನಲ್ಲಿ ಡಯೆಟಿಷಿಯನ್ ಆಗಿದ್ದೇನೆ. ಊಟದ ವಿಷಯ ಬಂದಿದೆ, ಸುಮ್ಮನಿರಲು ಆಗುತ್ತಿಲ್ಲ.

ಆಪರೇಷನ್‌ಗೆ ಸುಮಾರು ಎರಡು ವಾರ ಮುಂಚೆಯೇ ಪಥ್ಯ ಶುರು. ಅನ್ನ, ಸಿಹಿ, ಎಣ್ಣೆ ಬಿಡಿಸುತ್ತಾರೆ. ಜಠರದ ಮೇಲೆ ಕೊಬ್ಬು ತುಂಬಿದ ಈರುಳ್ಳಿ, ಅಂದರೆ ಲಿವರ್, ಕವಿದುಕೊಂಡಿರುತ್ತದೆ. ಅದು ಕುಗ್ಗಿದರೆ ಸರ್ಜನ್‌ಗೆ ಕೈ ಆಡಿಸಲು ಜಾಗ. (ಈರುಳ್ಳಿ ಅಲ್ಲ, ಈಲಿ. ಫೋನಿನ ಕೀಬೋರ್ಡಿಗೆ ಅಡುಗೆ ಬಿಟ್ಟು ಬೇರೇನೂ ಗೊತ್ತಿಲ್ಲ.)

ಆದಮೇಲೆ ಮೊದಲ ಎರಡು ವಾರ ಬರೀ ನೀರುನೀರು: ಎಳನೀರು, ತಿಳಿಸಾರು, ಬೇಳೆಕಟ್ಟು, ಬೆಣ್ಣೆ ತೆಗೆದ ಮಜ್ಜಿಗೆ, ಪ್ರೋಟೀನ್ ಪುಡಿ. ಲೋಟ ಎತ್ತಿ ಗಟಗಟ ಕುಡಿಯುವ ಹಾಗಿಲ್ಲ, ಗುಟುಕು ಗುಟುಕು. ಇನ್ನೆರಡು ವಾರ ನುಣ್ಣಗೆ ಅರೆದದ್ದು: ಹೆಸರುಬೇಳೆ ತೊವ್ವೆ, ಮೊಸರು, ರಾಗಿ ಅಂಬಲಿ. ಆಮೇಲೆ ಮೆತ್ತಗಿನದು: ಮೊಟ್ಟೆ, ಮೀನು, ಪನೀರ್, ಸಾಂಬಾರಿನಲ್ಲಿ ನೆನೆದ ಅರ್ಧ ಇಡ್ಲಿ. ಎರಡು ತಿಂಗಳ ಹೊತ್ತಿಗೆ ಮನೆಯವರು ತಿನ್ನುವುದನ್ನೇ ತಿನ್ನಬಹುದು, ಒಂದು ಸಣ್ಣ ಬಟ್ಟಲಷ್ಟು. ಆಸ್ಪತ್ರೆಯಿಂದ ಆಸ್ಪತ್ರೆಗೆ ದಿನ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ, ನಿಮ್ಮವರು ಕೊಟ್ಟ ಚೀಟಿಯೇ ನಿಮಗೆ ಲೆಕ್ಕ.

ನಮ್ಮ ಕಡೆಯವರಿಗೆ ಕಷ್ಟ ಆಗುವುದು ಎರಡು. ಒಂದು ಪ್ರೋಟೀನ್. ದಿನಕ್ಕೆ 60ರಿಂದ 80 ಗ್ರಾಂ ಬೇಕು. ಒಂದು ಮೊಟ್ಟೆಯಲ್ಲಿ ಇರುವುದು 6 ಗ್ರಾಂ ಅಷ್ಟೇ. ಸಸ್ಯಾಹಾರಿಗಳು ಪುಡಿ ಇಲ್ಲದೆ ಆ ಗುರಿ ಮುಟ್ಟಿದ್ದನ್ನು ನಾನು ನೋಡಿದ್ದು ಅಪರೂಪ. ತಟ್ಟೆಯಲ್ಲಿ ಮೊದಲು ಕಾಳು, ಪನೀರ್, ಮೊಟ್ಟೆ, ಆಮೇಲೆ ಪಲ್ಯ, ಜಾಗ ಉಳಿದರೆ ಅನ್ನ. ನಾವು ಊಟ ಮಾಡುವುದು ಇದಕ್ಕೆ ಉಲ್ಟಾ, ಅಲ್ವಾ? ಎರಡನೆಯದು ನೀರು. ಊಟದ ಜೊತೆ ನೀರು ಕುಡಿಯಬಾರದು, ಊಟ ಆಗಿ ಅರ್ಧ ಗಂಟೆ ಬಿಡಬೇಕು. ಚೊಂಬು ಪಕ್ಕದಲ್ಲಿ ಇಟ್ಟುಕೊಂಡೇ ಎಲೆಗೆ ಕೂರುವವರಿಗೆ ಇದು ಒಂದು ವರ್ಷದ ಅಭ್ಯಾಸ.

ವಿಟಮಿನ್ ಮಾತ್ರೆ ಬದುಕಿರುವವರೆಗೂ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ನುಂಗಬೇಡಿ, ಎರಡು ಗಂಟೆ ಅಂತರ ಇರಲಿ. ಕಬ್ಬಿಣದ ಮಾತ್ರೆಯ ಹಿಂದೆಯೇ ಫಿಲ್ಟರ್ ಕಾಫಿ ಕುಡಿದರೆ ಮಾತ್ರೆ ದಂಡ. ಮತ್ತೆ, ದಿನಗಟ್ಟಲೆ ವಾಂತಿ ಆಗುತ್ತಿದ್ದರೆ "ಸರಿಹೋಗುತ್ತೆ" ಅಂತ ಕಾಯಬಾರದು. ಬಿ1 ಖಾಲಿಯಾದರೆ ನಡಿಗೆ ತೂರಾಡುತ್ತದೆ, ಕಣ್ಣಿಗೆ ಎರಡೆರಡು ಕಾಣುತ್ತದೆ, ಮೆದುಳಿಗೇ ಪೆಟ್ಟು.

ಮೂರರಿಂದ ಆರನೇ ತಿಂಗಳಲ್ಲಿ ಕೂದಲು ಉದುರುತ್ತದೆ. ಬಚ್ಚಲಲ್ಲಿ ನೋಡಿ ಅಳಬೇಡಿ, ಹೆಚ್ಚಿನವರಿಗೆ ಮತ್ತೆ ಬರುತ್ತದೆ.

ಮುದ್ದೆಪ್ರಿಯ · ಮಂಗಳವಾರ ಬೆಳಗ್ಗೆ

ಕೂದಲು ನನಗೆ ಮೊದಲೇ ಇರಲಿಲ್ಲ, ಆ ಒಂದು ಕಷ್ಟ ತಪ್ಪಿತು.

88ರಿಂದ 99 ಹೇಗಾಯಿತು ಅಂತ ಒಬ್ಬರು ಖಾಸಗಿಯಾಗಿ ಕೇಳಿದ್ದಾರೆ. ಮುದ್ದೆಯಿಂದ ಅಲ್ಲ, ಬಿರಿಯಾನಿಯಿಂದಲೂ ಅಲ್ಲ. ಅವು ಎರಡು ತುತ್ತಿಗೇ ನಿಲ್ಲುತ್ತವೆ. ಕೋಡುಬಳೆಯಿಂದ. ಬಾಯಲ್ಲಿ ಪುಡಿಯಾಗಿ ಕರಗಿ ಇಳಿಯುವ ಯಾವುದಕ್ಕೂ ಈ ಕೊಳವೆ ತಡೆ ಹಾಕುವುದಿಲ್ಲ. ಖಾರಾಬೂಂದಿ, ಐಸ್‌ಕ್ರೀಂ, ಪಾಯಸ, ಸಕ್ಕರೆ ಹಾಕಿದ ಕಾಫಿ. ಲಾಕ್‌ಡೌನ್‌ನಲ್ಲಿ ಸಂಜೆ ಸಂಜೆ ಲ್ಯಾಪ್‌ಟಾಪ್ ಪಕ್ಕ ಡಬ್ಬಿ ಇಟ್ಟುಕೊಂಡೆ. ಹೊಟ್ಟೆ ಹಸಿದಿರಲಿಲ್ಲ, ತಲೆ ಹಸಿದಿತ್ತು. ಜಠರ ಕತ್ತರಿಸಿದರು, ಡಬ್ಬಿ ಹಾಗೇ ಇತ್ತು.

ಶಾರ್ಜಾ_ಕನ್ನಡಿಗ · ಮಂಗಳವಾರ ಮಧ್ಯಾಹ್ನ

ಇಲ್ಲಿ ಗೆಳೆಯರು ಟರ್ಕಿಗೆ ಹೋಗಿ ಮಾಡಿಸಿಕೊಂಡು ಐದು ದಿನಕ್ಕೆ ವಾಪಸ್ ಬರುತ್ತಾರೆ. ಹೋಟೆಲ್, ಕಾರು ಎಲ್ಲ ಸೇರಿದ ಪ್ಯಾಕೇಜ್. ಹೋಗಬಹುದಾ?

ಹುಬ್ಬಳ್ಳಿ_ಬಿಳಿಕೋಟು · ಮಂಗಳವಾರ ರಾತ್ರಿ

ಅಲ್ಲೂ ಒಳ್ಳೆ ಸರ್ಜನ್‌ಗಳಿದ್ದಾರೆ. ನನ್ನ ಚಿಂತೆ ಆರನೇ ದಿನದ್ದು. ಸ್ಟೇಪಲ್ ಹಾಕಿದ ಉದ್ದದ ಗೆರೆಯಲ್ಲಿ, ಹೆಚ್ಚಾಗಿ ಮೇಲ್ತುದಿಯಲ್ಲಿ, ಸೋರಿಕೆ ಆಗಬಹುದು. ನೂರರಲ್ಲಿ ಒಬ್ಬರು ಅಂದುಕೊಳ್ಳಿ. ಅದು ಮನೆಗೆ ಬಂದಮೇಲೂ ಶುರುವಾಗಬಹುದು. ಎದೆ ಡವಡವ ಅಂತ ನಿಮಿಷಕ್ಕೆ 120 ದಾಟುವುದು, ಜ್ವರ, ಹೊಟ್ಟೆ ಅಥವಾ ಎಡಭುಜ ನೋವು, ಉಸಿರಾಟಕ್ಕೆ ಕಷ್ಟ. ಗ್ಯಾಸ್ ಇರಬಹುದು ಅಂತ ಇನೋ ಕುಡಿದು ಮಲಗಿದವರನ್ನು ಐಸಿಯುನಲ್ಲಿ ನೋಡಿದ್ದೇನೆ. ಆ ರಾತ್ರಿ ನಿಮ್ಮ ಸರ್ಜನ್ ವಿಮಾನದ ದೂರದಲ್ಲಿ ಇರಬೇಕಾ, ಆಟೋ ದೂರದಲ್ಲಿ ಇರಬೇಕಾ, ನೀವೇ ಹೇಳಿ.

ಲೆಕ್ಕದ_ಪುಸ್ತಕ · ಬುಧವಾರ

ಇನ್ಶೂರೆನ್ಸ್ ಬಗ್ಗೆ ಯಾರೂ ಬರೆದಿಲ್ಲ. ಇನ್ಶೂರೆನ್ಸ್ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ ಗೊತ್ತು ಮಾಡಿದ ಷರತ್ತು ಎಲ್ಲಾ ಪಾಲಿಸಿಗಳಲ್ಲೂ ಹೆಚ್ಚುಕಡಿಮೆ ಒಂದೇ. ವಯಸ್ಸು 18 ದಾಟಿರಬೇಕು, ಡಾಕ್ಟರ ಸಲಹೆ ಇರಬೇಕು, ಬಿಎಂಐ 40 ಅಥವಾ ಮೇಲೆ ಇರಬೇಕು. 35ರ ಮೇಲಿದ್ದರೆ ಜೊತೆಗೆ ಹೃದಯದ ಕಾಯಿಲೆ, ತೀವ್ರ ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು) ಅಥವಾ ಹತೋಟಿಗೆ ಬರದ ಶುಗರ್ ಇದ್ದು, ಬೇರೆ ಚಿಕಿತ್ಸೆ ಫಲ ಕೊಟ್ಟಿರಬಾರದು. ಮೇಡಂ, ನಿಮಗೆ ಬಿಎಂಐ ಒಂದೇ ಸಾಕು. ಆದರೂ ಗೊರಕೆಗೆ ಸ್ಲೀಪ್ ಸ್ಟಡಿ ಮಾಡಿಸಿ ಕಾಗದ ಇಟ್ಟುಕೊಳ್ಳಿ. ನನ್ನ ಹೆಂಡತಿಯ ಕ್ಲೇಮನ್ನು "ಸೌಂದರ್ಯಕ್ಕಾಗಿ" ಅಂತ ಬರೆದು ವಾಪಸ್ ಕಳಿಸಿದ್ದರು. ಹಳೇ ಡಯೆಟ್ ಚೀಟಿಗಳು, ಶುಗರ್ ರಿಪೋರ್ಟುಗಳು ಎಲ್ಲಾ ಹಚ್ಚಿ ಎರಡನೇ ಸಲ ಕಳಿಸಿದ ಮೇಲೆ ಪಾಸಾಯಿತು. ಕಾಯುವ ಅವಧಿ ಮುಗಿದಿದೆಯಾ ಅಂತಲೂ ನೋಡಿ.

ಚಿಕ್ಕಪೇಟೆ_ಚಿನ್ನ · ಬುಧವಾರ

ಈಗ ತೂಕ ಇಳಿಸುವ ಇಂಜೆಕ್ಷನ್ ಬಂದಿದೆಯಲ್ಲ, ಕೊಯ್ಯಿಸಿಕೊಳ್ಳುವುದು ಯಾಕೆ?

ಹುಬ್ಬಳ್ಳಿ_ಬಿಳಿಕೋಟು · ಬುಧವಾರ ರಾತ್ರಿ

ನ್ಯಾಯವಾದ ಪ್ರಶ್ನೆ. ಮೌಂಜಾರೊ 2025ರ ಮಾರ್ಚ್‌ನಲ್ಲಿ, ವೆಗೋವಿ ಅದೇ ಜೂನ್‌ನಲ್ಲಿ ನಮ್ಮ ದೇಶಕ್ಕೆ ಬಂದವು. ಮೌಂಜಾರೊದ ದೊಡ್ಡ ಡೋಸಿನಲ್ಲಿ ಪ್ರಯೋಗದಲ್ಲಿದ್ದವರು 72 ವಾರಕ್ಕೆ ಸರಾಸರಿ 21% ತೂಕ ಇಳಿಸಿದರು. ಸ್ಲೀವ್‌ನಲ್ಲಿ ಮೊದಲ ವರ್ಷ ಸುಮಾರು 25%. ಅಂತರ ಅಷ್ಟು ದೊಡ್ಡದಲ್ಲ. ಆದರೆ ಇಂಜೆಕ್ಷನ್ ನಿಲ್ಲಿಸಿದರೆ ಹೆಚ್ಚಿನವರಲ್ಲಿ ತೂಕ ವಾಪಸ್. ಬಿಎಂಐ 31, 32 ಇರುವವರಿಗೆ ನಾನಾದರೂ ಮೊದಲು ಇಂಜೆಕ್ಷನ್ನನ್ನೇ ಹೇಳುತ್ತೇನೆ. 45 ಇದ್ದು ಶುಗರ್ ಇದ್ದರೆ ಆಪರೇಷನ್ ಕಡೆಗೇ ವಾಲುತ್ತೇನೆ. ಎರಡನ್ನೂ ಒಂದರ ಹಿಂದೆ ಒಂದು ಬಳಸುವುದೂ ಇದೆ. ಮುದ್ದೆಪ್ರಿಯ ಅವರೇ, ನಿಮ್ಮ 11 ಕೆ.ಜಿ.ಗೆ ಅದನ್ನು ಒಂದು ಸಲ ನಿಮ್ಮ ಡಾಕ್ಟರ ಹತ್ತಿರ ಕೇಳಿ.

ಮುದ್ದೆಪ್ರಿಯ · ಬುಧವಾರ ರಾತ್ರಿ

ಮೊದಲು ಕೋಡುಬಳೆ ಡಬ್ಬಿ ಮೇಲಿನ ಅಟ್ಟಕ್ಕೆ ಹಾಕುತ್ತೇನೆ ಸರ್.

ಹೇಮಾವತಿ_ದಂಡೆ · ಮೂರು ವಾರದ ನಂತರ

ಎಲ್ಲರಿಗೂ ವಿಷಯ ತಿಳಿಸಬೇಕಿತ್ತು, ತಡವಾಯಿತು.

ಎಂಡೋಸ್ಕೋಪಿ ಆಯಿತು. ಹಯಾಟಸ್ ಹರ್ನಿಯಾ ಇದೆ, ಅಂದರೆ ಜಠರದ ಮೇಲ್ತುದಿ ಎದೆಗೂಡಿನೊಳಗೆ ಸರಿದಿದೆಯಂತೆ. ಅನ್ನನಾಳದಲ್ಲಿ ಹುಣ್ಣೂ ಇದೆ. ಸರ್ಜನ್ ಪರದೆಯ ಮೇಲೆ ತೋರಿಸಿ "ನಿಮಗೆ ಸ್ಲೀವ್ ಬೇಡ, ಬೈಪಾಸ್ ಮಾಡೋಣ" ಅಂದರು. ಜಠರದ ಮೇಲ್ಭಾಗದಲ್ಲಿ ಮೊಟ್ಟೆ ಗಾತ್ರದ ಒಂದು ಸಣ್ಣ ಚೀಲ ಮಾಡಿ, ಅದನ್ನು ನೇರ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಉಳಿದ ಜಠರ ಒಳಗೇ ಇರುತ್ತದೆ, ಆದರೆ ಊಟ ಆ ದಾರಿಯಲ್ಲಿ ಹೋಗುವುದಿಲ್ಲ. ಆಸಿಡ್ ಮೇಲೆ ಬರುವುದು ಕಡಿಮೆಯಾಗುತ್ತದೆ. ವಿಟಮಿನ್ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಸಿಹಿ ಜಾಸ್ತಿ ತಿಂದರೆ ಬೆವರಿ, ತಲೆ ಸುತ್ತಿ, ಹೊಟ್ಟೆ ಕೆಡುತ್ತದಂತೆ. ಒಂದೂವರೆ ವರ್ಷ ಎರಡನೇ ಮಗುವಿನ ಯೋಚನೆ ಬೇಡ ಅಂದಿದ್ದಾರೆ. ಕಡಲಬದಿ ಅಕ್ಕ, ನೀವು ಆ ಒಂದು ಪ್ರಶ್ನೆ ಕೇಳದಿದ್ದರೆ ನಾನು ಸ್ಲೀವ್‌ಗೆ ಡೇಟ್ ತಗೊಂಡುಬಿಡುತ್ತಿದ್ದೆ.

ಡೇಟ್ ಬಂದಿದೆ, ಮುಂದಿನ ತಿಂಗಳು. ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಒಂದು ಗಂಟೆ ಕೈ ಕಟ್ಟಿಕೊಂಡು ಕೂತಿದ್ದರು, ಒಂದು ಮಾತಿಲ್ಲ. ಏಳುವಾಗ ಸರ್ಜನ್‌ಗೆ ಕೇಳಿದ್ದು ಒಂದೇ: "ಸಾರ್, ಬಸ್ಸಾರು ಕೊಡಬಹುದಾ?" ಅವರು ಕಲಬುರಗಿ ಕಡೆಯವರು, ಬಸ್ಸಾರು ಅಂದರೆ ಏನು ಅಂತ ಅಮ್ಮನಿಂದಲೇ ಕೇಳಿ ತಿಳಿದುಕೊಂಡರು. ಸೋಸಿ, ಖಾರ ಇಲ್ಲದೆ ಕೊಡಿ ಅಂದರು.

ಮುದ್ದೆಪ್ರಿಯ · ಅದೇ ದಿನ

ಖಾರ ಇಲ್ಲದ ಬಸ್ಸಾರಾ?

ಹೇಮಾವತಿ_ದಂಡೆ · ಅದೇ ದಿನ

ಹೂಂ ಅಣ್ಣ. ನಿನ್ನೆಯಿಂದ ಎರಡು ಸಲ ಮಾಡಿ ನೋಡಿದ್ದಾರೆ. ಮನೆಯವರಿಗೆಲ್ಲ ಅದೇ ಊಟ.